ಉಣ್ಣೆಯ ಜಿಲ್ಲೆ

ಕಳೆದ ವಾರ ಹೊಳಲ್ಕೆರೆಯ ಇಸ್ತ್ರಿ ಅಂಗಡಿಯ ಮುಂದೆ ಸೀರೆ ಹಿಡಿದು ನಿಂತಿದ್ದೆ. ಅಂಗಡಿಯವನು ಯಾರದೋ ಉಣ್ಣೆಯ ಕೋಟಿನ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿದ. ಚುರ್ ಎಂದು ಹಬೆ ಎದ್ದಿತು. ಬಿಸಿಯಾದ ಉಣ್ಣೆಯ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಬೆರಳಿನ ಗೆಣ್ಣುಗಳು ನೋಯತೊಡಗಿದ ಹಾಗಾಯಿತು. "ಮೇಡಂ, ನಾಳೆ ಬರ್ರಿ" ಎಂದು ಅವನು ಮತ್ತೆ ಮತ್ತೆ ಹೇಳಿದ ಮೇಲೆ ನನಗೆ ಕೇಳಿಸಿತು. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಹಿರಿಯೂರಿನಲ್ಲಿ ಕಳೆದ ಆ ಒಂದು ವರ್ಷವೇ ತಲೆಯಲ್ಲಿತ್ತು.

ಆಗ ನಾನು ಆದಿವಾಲದ ಆಚೆ, ಕಾಲುವೆ ಪಕ್ಕದ ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆಯಲ್ಲಿದ್ದೆ. ಮನೆ ಹಿರಿಯೂರಿನಲ್ಲಿ. ಬೆಳಿಗ್ಗೆ ಅಡುಗೆ ಮುಗಿಸಿ, ಬಸ್ಸು ಹತ್ತಿ, ಇಳಿದು, ಆಟೋ ಸಿಕ್ಕರೆ ಆಟೋ, ಇಲ್ಲದಿದ್ದರೆ ಕಾಲ್ನಡಿಗೆ. ಚಿಕ್ಕ ತರಗತಿಗಳಿಗೆ ಒಬ್ಬ ಅತಿಥಿ ಶಿಕ್ಷಕಿ ಇದ್ದಳು. ನಾಲ್ಕು, ಐದನೇ ತರಗತಿಗಳು, ಬಿಸಿಯೂಟದ ಲೆಕ್ಕ, ಸಭೆ, ಸಮೀಕ್ಷೆ ಎಲ್ಲ ನನ್ನ ತಲೆಗೆ. ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ನಿದ್ದೆ ಬಂದುಬಿಡುತ್ತಿತ್ತು. ಹಿರಿಯೂರು ಬಂದಾಗ ಕಂಡಕ್ಟರನೇ ಎಬ್ಬಿಸುತ್ತಿದ್ದ.

ಆ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನನ್ನ ಗಂಡನ ಅಕ್ಕ, ಪಾರ್ವತಕ್ಕ, ಹೊಸದುರ್ಗದಿಂದ ನಮ್ಮ ಮನೆಗೆ ಬಂದರು. ಅಲ್ಲಿ ಅವರೂ ಭಾವನೂ ಸೇರಿ ಟೈಲರ್ ಅಂಗಡಿ ನಡೆಸುತ್ತಿದ್ದರು. ಭಾವ ಅಳತೆ ತೆಗೆದು ಕತ್ತರಿಸುವುದು, ಇವರು ಹೊಲಿಯುವುದು. ಮಕ್ಕಳಿರಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ, ಕತ್ತರಿಸುವ ಮೇಜಿನ ಮುಂದೆ ನಿಂತಿದ್ದ ಭಾವ "ಪಾರ್ವತಿ, ಸ್ವಲ್ಪ ನೀರು" ಎಂದರಂತೆ. ಇವರು ಚೊಂಬು ತುಂಬಿಕೊಂಡು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ತಿಥಿ ಮುಗಿದ ಮೇಲೆ ನನ್ನ ಗಂಡ ಮಂಜುನಾಥ ಹೋಗಿ, ಅಂಗಡಿಗೆ ಬೀಗ ಹಾಕಿಸಿ, ಅಕ್ಕನನ್ನು ಕರೆದುಕೊಂಡು ಬಂದರು. ಜೊತೆಗೆ ಒಂದು ಹೊಲಿಗೆ ಯಂತ್ರ, ಒಂದು ಟ್ರಂಕು.

ಪಾರ್ವತಕ್ಕ ಅಳುತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವರು ಅಳುತ್ತಿರಲಿಲ್ಲ. ನಡುಮನೆಯ ಗೋಡೆಗೆ ಒರಗಿ ಕೂತಿರುತ್ತಿದ್ದರು. ಬೆಳಿಗ್ಗೆ ನಾನು ಮುಚ್ಚಿಟ್ಟು ಹೋದ ತಟ್ಟೆ ಸಂಜೆ ಹಾಗೇ ಇರುತ್ತಿತ್ತು. "ಯಾಕಕ್ಕ, ಉಣ್ಣಲಿಲ್ಲ?" ಎಂದರೆ, "ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ ಗಿರಿಜಾ" ಅನ್ನುವರು. ಯಂತ್ರದ ಮೇಲೆ ಹಳೇ ಬೆಡ್‌ಶೀಟು ಹೊದಿಸಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಕೂಗಿ ಕೂಗಿ ಬಂದು, ಮನೆಯ ಆ ಮೌನದಲ್ಲಿ ಚಪಾತಿ ಲಟ್ಟಿಸುವುದು ನನಗೆ ದಿನದ ಎರಡನೇ ಕೆಲಸದ ಹಾಗೆ ಭಾರವಾಗುತ್ತಿತ್ತು.

ಜುಲೈ ತಿಂಗಳಲ್ಲಿ ಒಂದು ದಿನ ಐದನೇ ತರಗತಿಗೆ ನಮ್ಮ ಜಿಲ್ಲೆಯ ಪಾಠ ಮಾಡುತ್ತಿದ್ದೆ. ಗೋಡೆಗೆ ತೂಗುಹಾಕಿದ ಹಳೆಯ ನಕ್ಷೆ, ಮಡಿಕೆ ಬಿದ್ದಲ್ಲೆಲ್ಲ ಬಿಳುಚಿ ಮೊಳಕಾಲ್ಮೂರು ಅರ್ಧ ಅಳಿಸಿಹೋಗಿತ್ತು. "ಉತ್ತರ ಯಾವ ಕಡೆ ಇದೆ, ತೋರಿಸಿ" ಎಂದೆ. ಇಡೀ ತರಗತಿ ಕೈ ಎತ್ತಿ ಚಾವಣಿಯನ್ನು ತೋರಿಸಿತು. ನಾನು ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು. ನಕ್ಷೆಯ ಮೇಲ್ಗಡೆಯೇ ಉತ್ತರ ಎಂದು ವರ್ಷಗಟ್ಟಲೆ ಹೇಳಿಕೊಟ್ಟಿದ್ದೇವೆ, ಗೋಡೆಯ ಮೇಲ್ಗಡೆ ಇರುವುದು ಚಾವಣಿ. ಮಕ್ಕಳು ತಪ್ಪು ಹೇಳಿರಲಿಲ್ಲ.

"ಸರಿ, ವೇದಾವತಿ ನದಿ ಎಲ್ಲಿ ಹುಟ್ಟುತ್ತೆ?" ಎಂದು ಕೇಳಿದೆ.

ರೇಣುಕಾ ಎಂಬ ಹುಡುಗಿ ಎದ್ದು ನಿಂತಳು. ಕುರಿ ಸಾಕುವ ಅಜ್ಜಿಯ ಮನೆಯಲ್ಲಿದ್ದವಳು. ಅಪ್ಪ ಅವ್ವ ಇಬ್ಬರೂ ಚಿಕ್ಕಮಗಳೂರಿನ ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿದ್ದು ಕೂಲಿ ಮಾಡುತ್ತಿದ್ದರು.

"ಮಾರಿಕಣಿವೆ ಡ್ಯಾಮಲ್ಲಿ ಹುಟ್ತೈತೆ ಮಿಸ್" ಎಂದಳು. "ನಾನೇ ನೋಡೀನಿ. ಗೇಟ್ ತೆಗುದ್ರೆ ಬರ್ತೈತೆ."

ಅವಳು ನೋಡಿದ್ದು ನಿಜವೇ. ಅವಳ ಊರಿನ ನೀರೆಲ್ಲ ಆ ಗೇಟಿನಿಂದಲೇ ಬರುತ್ತಿತ್ತು. ಅದರ ಹಿಂದೆ ಒಂದು ನದಿ ಇದೆ, ಅದು ಬೇರೆ ಬೇರೆ ಊರುಗಳನ್ನು ದಾಟಿ ಬಂದಿದೆ ಅನ್ನುವುದನ್ನು ಆ ಹರಿದ ನಕ್ಷೆಯ ನೀಲಿ ಗೆರೆ ಹೇಗೆ ಹೇಳಬೇಕು? ಆ ದಿನ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ. ನಕ್ಷೆಯನ್ನು ನೆಲದ ಮೇಲೆ ಹಾಸಬೇಕು, ಮಕ್ಕಳು ಅದರ ಸುತ್ತ ಕೂರಬೇಕು, ತಾಲ್ಲೂಕುಗಳನ್ನು ಕೈಯಲ್ಲಿ ಎತ್ತಿ ಜೋಡಿಸಬೇಕು ಅನ್ನಿಸಿತು. ಕಾಗದದಲ್ಲಿ ಮಾಡಿದರೆ ವಾರಕ್ಕೇ ಹರಿಯುತ್ತದೆ. ರಟ್ಟಿನ ಮೂಲೆ ಮುರಿಯುತ್ತದೆ. ಮಕ್ಕಳ ಆಟಿಕೆ ಮಾಡುವ ಫೆಲ್ಟ್ ಬಟ್ಟೆ ಇದ್ದರೆ ನೂಲು ಬಿಡುವುದಿಲ್ಲ, ಕಂಬಳಿಯ ಮೇಲೆ ಇಟ್ಟರೆ ಜಾರುವುದೂ ಇಲ್ಲ.

ಚಿತ್ರದುರ್ಗಕ್ಕೆ ತರಬೇತಿಗೆ ಹೋದಾಗ ಅಂಗಡಿಗಳಲ್ಲಿ ವಿಚಾರಿಸಿದೆ. ಇದ್ದದ್ದು ತೆಳ್ಳನೆಯ ಕೆಂಪು ಹಾಳೆಗಳು ಮಾತ್ರ, ಅಂಗೈಯಗಲದವು. ಅಂಗಡಿಯ ಹುಡುಗಿ, "ಇದು ಹೂ ಮಾಡಾಕೆ ಒಯ್ತಾರೆ ಮೇಡಂ, ಜಿಲ್ಲೆ ಮಾಡೋರು ಯಾರೂ ಬಂದಿಲ್ಲ" ಎಂದು ನಕ್ಕಳು. ಫೋನಿನಲ್ಲಿ ಹುಡುಕಿದರೆ ಉಣ್ಣೆಯಿಂದ ಮನೆಯಲ್ಲೇ ಫೆಲ್ಟ್ ಮಾಡುವುದನ್ನು ತೋರಿಸುವ ವಿಡಿಯೋ ಸಿಕ್ಕಿತು. ಉಣ್ಣೆಯನ್ನು ಪದರ ಪದರವಾಗಿ ಹಾಸಿ, ಬಿಸಿ ಸೋಪಿನ ನೀರು ಹಾಕಿ ಉಜ್ಜುತ್ತಾ ಹೋದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಬಟ್ಟೆಯಾಗುತ್ತದೆ. ನೋಡಲು ಸಲೀಸಾಗಿತ್ತು.

ರೇಣುಕಾಳ ಅಜ್ಜಿಯನ್ನು ಕೇಳಿದೆ. ಅಜ್ಜಿ ಚೀಲದ ತುಂಬ ಕರಿ ಉಣ್ಣೆ ಕೊಟ್ಟು, "ಏನ್ ಮಾಡ್ತೀರ ಟೀಚರಮ್ಮ, ಕಂಬ್ಳಿ ನೇಯ್ತೀರ?" ಎಂದು ಕೇಳಿತು.

"ಇಲ್ಲಜ್ಜಿ, ಚಿತ್ರದುರ್ಗ ಜಿಲ್ಲೆ ಮಾಡ್ತೀನಿ."

"ಮಾಡ್ರಿ ಮಾಡ್ರಿ," ಎಂದು ಅಜ್ಜಿ ಗಂಭೀರವಾಗಿ ತಲೆಯಾಡಿಸಿತು. "ಈಗಿರೋದು ಅಷ್ಟಕ್ಕಷ್ಟೇ ಐತೆ."

ಭಾನುವಾರ ಹಿತ್ತಲಿನಲ್ಲಿ ಕೂತು ಉಜ್ಜಿದೆ. ನಮ್ಮ ಕಡೆಯ ಕುರಿಯ ಉಣ್ಣೆ ಒರಟು, ಕೂದಲಿನ ಹಾಗೆ. ಮಧ್ಯಾಹ್ನದವರೆಗೆ ಉಜ್ಜಿದರೂ ಎತ್ತಿದ ಕೂಡಲೇ ಹಿಂಜಿದ ಹತ್ತಿಯಂತೆ ಬಿಟ್ಟುಕೊಂಡಿತು. ಮುಂದಿನ ಭಾನುವಾರವೂ ಅದೇ ಕತೆ. ಮನೆಯೆಲ್ಲ ಕುರಿಹಟ್ಟಿಯ ವಾಸನೆ. ಮಂಜುನಾಥ ಬಾಗಿಲಲ್ಲಿ ನಿಂತು, "ಇರೋ ಕೆಲಸ ಸಾಲಲ್ಲ ಅಂತಾನಾ ಇದು?" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ನನ್ನ ಕಣ್ಣಲ್ಲಿ ನೀರು ಬಂತು. ಚರ್ಮ ಸುಲಿದ ಕೈಗಳನ್ನು ಸೋಪಿನ ನೀರಿನಲ್ಲಿ ಬಿಟ್ಟುಕೊಂಡು ಸುಮ್ಮನೆ ಕೂತೆ.

ಆಗ ಪಾರ್ವತಕ್ಕ ಹಿತ್ತಲಿಗೆ ಬಂದರು. ಎಷ್ಟೋ ವಾರಗಳ ಮೇಲೆ ಅವರಾಗಿಯೇ ಎದ್ದು ಹೊರಗೆ ಬಂದದ್ದು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನನ್ನ ಎದುರು ಕುಕ್ಕರಗಾಲಲ್ಲಿ ಕೂತು, ಬಕೆಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಸರ್ಕೊಳೇ ಆಚೆಗೆ, ನೋಡಾಕಾಗ್ತಿಲ್ಲ ನನ್ ಕೈಲಿ," ಎಂದರು. ಉಣ್ಣೆಯನ್ನು ಉಜ್ಜತೊಡಗಿದರು.

ಆ ದಿನವೂ ಅದು ಬಟ್ಟೆಯಾಗಲಿಲ್ಲ. ಆದರೆ ಇಬ್ಬರು ಸೋತದ್ದು ಒಬ್ಬಳೇ ಸೋತ ಹಾಗಿರಲಿಲ್ಲ. ಹಳೆಯ ಸ್ವೆಟರುಗಳನ್ನು ಕುದಿಯುವ ನೀರಿನಲ್ಲಿ ಹಾಕಿ ಬಡಿದರೆ ಕುಗ್ಗಿ ದಪ್ಪಗಾಗುತ್ತವೆ ಎಂದೂ ವಿಡಿಯೋದಲ್ಲಿತ್ತು. ಮಂಜುನಾಥರ ಮರೂನ್ ಸ್ವೆಟರು, ನನ್ನ ಮೂರು, ಪಕ್ಕದ ಮನೆಯವರು ಕೊಟ್ಟ ಒಂದು ಹಳದಿಯದು, ಎಲ್ಲ ಹಂಡೆಗೆ ಬಿದ್ದವು. ಹೊರಬಂದಾಗ ಮಗುವಿಗೂ ಹಿಡಿಸದಷ್ಟು ಕುಗ್ಗಿದ್ದವು. ಒಣಗಿಸಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ಗಟ್ಟಿಯಾದ, ಮೆತ್ತನೆಯ, ಕತ್ತರಿಸಿದರೂ ನೂಲು ಬಿಡದ ಬಟ್ಟೆ. ಪಾರ್ವತಕ್ಕ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, "ಪರವಾಗಿಲ್ಲ, ಬಟ್ಟೆಗೆ ಒಳ್ಳೆ ಮೈ ಐತೆ" ಎಂದರು. ಅಜ್ಜಿಯ ಕರಿ ಉಣ್ಣೆಯನ್ನು ಎಳೆ ಹೊಸೆದು ಬೆಟ್ಟಸಾಲುಗಳಿಗೆ ಇಟ್ಟುಕೊಂಡೆವು.

ಆರು ತಾಲ್ಲೂಕಿಗೆ ಒಂದು ಬಣ್ಣ ಕಡಿಮೆಯಾಯಿತು. ನಾನು ಹಳದಿಯದರ ಅರ್ಧಕ್ಕೆ ಬಣ್ಣದ ಪುಡಿ ಹಾಕಿ ಬೇರೆ ಮಾಡಬೇಕು ಅಂದುಕೊಳ್ಳುತ್ತಿದ್ದೆ. ಪಾರ್ವತಕ್ಕ ಒಳಗೆ ಹೋದರು. ಟ್ರಂಕು ತೆಗೆದ ಸದ್ದಾಯಿತು. ಭಾವನ ಕಡು ಹಸಿರು ಸ್ವೆಟರು ತಂದು ನನ್ನ ಮುಂದೆ ಇಟ್ಟರು. ಅದರ ಮೊಣಕೈಯಲ್ಲಿ ಅವರೇ ತೇಪೆ ಹಾಕಿದ್ದರು.

"ಅಕ್ಕ, ಬ್ಯಾಡ" ಎಂದೆ. "ಇದನ್ನ ಕುದಿಸಿದ್ರೆ ಮತ್ತೆ ಬರಲ್ಲ."

"ಗೊತ್ತೈತೆ ಕಣೇ. ಟ್ರಂಕಲ್ಲಿದ್ರೆ ನುಸಿ ತಿಂತಾವೆ. ಹೊಸದುರ್ಗಕ್ಕೆ ಇಡು."

ಅವರೇ ಅದನ್ನು ಹಂಡೆಗೆ ಹಾಕಿದರು. ನಾನು ಆ ಹೊತ್ತು ಏನೋ ನೆಪ ಮಾಡಿಕೊಂಡು ಒಳಗೆ ಹೋದೆ. ನೋಡಲು ಧೈರ್ಯ ಬರಲಿಲ್ಲ.

ಕತ್ತರಿಸುವ ಹೊತ್ತು ಬಂದಾಗ ಪಾರ್ವತಕ್ಕ ಕೈ ಹಿಂದೆಗೆದರು. "ನಾನು ಹೊಲಿಯೋಳು ಅಷ್ಟೇ ಗಿರಿಜಾ. ಕತ್ತರಿ ಅವ್ರದ್ದು. ಒಂದು ದಿನಾನೂ ಹಿಡಿದಿಲ್ಲ." ಸರಿ ಎಂದು ನಾನೇ ಹೊಸದುರ್ಗವನ್ನು ಕಾಗದದ ಮೇಲೆ ಬರೆದು, ಹಸಿರು ಬಟ್ಟೆಯ ಮೇಲೆ ಇಟ್ಟು, ಅಡುಗೆಮನೆಯ ಕತ್ತರಿಯಿಂದ ಕತ್ತರಿಸಲು ಹೊರಟೆ. ಬಟ್ಟೆ ದಪ್ಪ. ಕತ್ತರಿ ಜಗಿಯಿತು. ಒಂದು ಮೂಲೆ ಹಲ್ಲು ಹಲ್ಲಾಗಿ ಹೋಯಿತು.

ಪಾರ್ವತಕ್ಕ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ, "ಲೇ, ತೆಗಿಯೇ ಅತ್ಲಾಗೆ! ನಮ್ಮೂರ್ನ ಇಲಿ ಕಡ್ದಂಗೆ ಮಾಡ್ತಿದೀಯಲ್ಲ!" ಎಂದು ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡರು. ಟ್ರಂಕಿನಿಂದ ಭಾವನ ದೊಡ್ಡ ಕತ್ತರಿ ತಂದರು. ಬಲಗೈ ಬೆರಳುಗಳಿಗೆ ಅದು ದೊಡ್ಡದಾಗಿತ್ತು. ಉಸಿರು ಬಿಗಿಹಿಡಿದು ಅಂಚಿನ ಸುತ್ತ ನಿಧಾನವಾಗಿ ಬಂದರು. ಒಂದೆರಡು ಕಡೆ ಗೆರೆ ತಪ್ಪಿತು. ಮುಗಿದ ಮೇಲೆ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, "ಹೊಟ್ಟೆ ಹಸೀತೈತೆ, ಏನಾದ್ರೂ ಐತಾ?" ಎಂದು ಕೇಳಿದರು. ನಾನು ಉಪ್ಪಿಟ್ಟು ಮಾಡಿಕೊಟ್ಟೆ. ಪೂರ್ತಿ ತಿಂದರು.

ನಕ್ಷೆ ತಯಾರಾಗುವ ಹೊತ್ತಿಗೆ ಗಣೇಶನ ಹಬ್ಬ ಕಳೆದಿತ್ತು. ಶಾಲೆಯ ನೆಲದ ಮೇಲೆ ಕಂಬಳಿ ಹಾಸಿ, ಸೂರ್ಯ ಹುಟ್ಟುವ ಕಡೆಯ ಕಿಟಕಿ ತೋರಿಸಿ ಮಕ್ಕಳಿಂದಲೇ ಉತ್ತರ ದಿಕ್ಕನ್ನು ಗುರುತು ಮಾಡಿಸಿ, ಆ ಕಡೆಗೆ ಮೊಳಕಾಲ್ಮೂರನ್ನು ಇರಿಸಿದೆ. ಕೆಳಗೆ ಚಳ್ಳಕೆರೆ, ಪಡುವಣಕ್ಕೆ ಚಿತ್ರದುರ್ಗ, ಹೊಳಲ್ಕೆರೆ, ತೆಂಕಣಕ್ಕೆ ಹಸಿರು ಹೊಸದುರ್ಗ, ಪಕ್ಕದಲ್ಲಿ ಮರೂನ್ ಬಣ್ಣದ ನಮ್ಮ ಹಿರಿಯೂರು. ಮಕ್ಕಳು ಚಪ್ಪಲಿ ಬಿಟ್ಟು ಮೊಣಕಾಲೂರಿ ಸುತ್ತ ಕೂತರು. ಮೊದಲ ದಿನ ಪಾಠವೇ ಆಗಲಿಲ್ಲ. ಬರೀ ಮುಟ್ಟಿದರು, ಕೆನ್ನೆಗೆ ಒತ್ತಿಕೊಂಡರು, ಚಳ್ಳಕೆರೆಯನ್ನು ತಲೆಯ ಮೇಲೆ ಟೋಪಿಯ ಹಾಗೆ ಇಟ್ಟುಕೊಂಡರು.

ನದಿಗೆ ಪಾರ್ವತಕ್ಕ ನೀಲಿ ನೂಲನ್ನು ಜಡೆ ಹೆಣೆದು ಕೊಟ್ಟಿದ್ದರು. ರೇಣುಕಾ ಅದರ ಒಂದು ತುದಿಯನ್ನು ಮಾರಿಕಣಿವೆಯ ಮೇಲಿಟ್ಟು ಹಿರಿಯೂರಿನ ಕಡೆ ಎಳೆದಳು. ಇನ್ನೊಂದು ತುದಿ ಉಳಿಯಿತು. ನಾನು ಅವಳ ಕೈ ಹಿಡಿದು ಅದನ್ನು ಹಿಂದಕ್ಕೆ, ಹೊಸದುರ್ಗದ ಹಸಿರಿನ ಮೇಲೆ ಹಾಯಿಸಿ, ಜಿಲ್ಲೆಯ ಅಂಚಿನವರೆಗೆ ತಂದೆ. ಅಲ್ಲಿಂದಾಚೆಗೂ ನೂಲಿತ್ತು. ಆಚೆಗೆ ಬರೀ ಕಂಬಳಿ.

"ಇಲ್ಲಿ ಏನೈತೆ ಮಿಸ್?"

"ಚಿಕ್ಕಮಗಳೂರಿನ ಗುಡ್ಡ. ನದಿ ಹುಟ್ಟೋದು ಅಲ್ಲಿ."

ರೇಣುಕಾ ಕಂಬಳಿಯ ಆ ಜಾಗವನ್ನೇ ನೋಡಿದಳು. "ಅಲ್ಲಿ ನಮ್ಮವ್ವ ಐತೆ" ಎಂದಳು. ನೂಲಿನ ಮೇಲೆ ಬೆರಳು ಎಳೆದು, "ಹಂಗಾದ್ರೆ ಅಲ್ಲಿ ಮಳೆ ಬಂದ್ರೆ ಆ ನೀರು ಇಲ್ಲಿಗೆ ಬರ್ತೈತಾ?"

"ಬರುತ್ತೆ."

"ಅವ್ವನ ಊರಿನ ತುಂಡೂ ಮಾಡ್ರಿ ಮಿಸ್. ಅದಿಲ್ದೆ ನದಿ ಬಿದ್ದೋಗ್ತೈತೆ."

ಮನೆಗೆ ಬಂದು ಪಾರ್ವತಕ್ಕನಿಗೆ ಹೇಳಿದೆ. ಹಸಿರು ಸ್ವೆಟರಿನ ಒಂದು ತೋಳು ಉಳಿದಿತ್ತು. ತೇಪೆ ಇದ್ದ ತೋಳು. ಅವರು ತೇಪೆ ಬಿಚ್ಚದೆ ಹಾಗೇ ಒಂದು ಗುಡ್ಡದ ಆಕಾರಕ್ಕೆ ಕತ್ತರಿಸಿದರು. ಮರುದಿನದಿಂದ ರೇಣುಕಾ ಬಿಡುವಿನ ಹೊತ್ತಿನಲ್ಲಿ ಆಟಕ್ಕೆ ಹೋಗದೆ ಕಂಬಳಿಯ ಪಕ್ಕ ಕೂತು, ನದಿಯನ್ನು ಆ ತೇಪೆಯಿಂದ ಶುರು ಮಾಡಿ ತನ್ನೂರಿನವರೆಗೆ ಹಾಸುತ್ತಿದ್ದಳು. ಬಾಯಲ್ಲಿ ಊರುಗಳ ಹೆಸರು ಹೇಳಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಕಲಿಕೋಪಕರಣಗಳ ಪ್ರದರ್ಶನ ಬಂತು. ಶಾಲೆಗೆ ಭೇಟಿ ಕೊಟ್ಟ ಅಧಿಕಾರಿಯೊಬ್ಬರು ನಕ್ಷೆಯನ್ನು ನೋಡಿ, "ಇದನ್ನ ತಗಂಡ್ ಬರ್ಲೇಬೇಕು ಮೇಡಂ" ಎಂದರು. ಹಿರಿಯೂರಿನಲ್ಲಿ ಮೊದಲ ಸ್ಥಾನ ಬಂತು. ಅಲ್ಲಿಂದ ಚಿತ್ರದುರ್ಗಕ್ಕೆ ಹೋಯಿತು. ಅಲ್ಲಿಯೂ ಬಹುಮಾನ. ಶಾಲು ಹೊದಿಸಿ, ಫೋಟೋ ತೆಗೆದರು. ನಕ್ಷೆ ಎರಡು ದಿನ ಇಲ್ಲೇ ಇರಲಿ, ಮೇಲಿನವರು ನೋಡಬೇಕು ಎಂದರು. ನಾನು ಒಪ್ಪಿ ಬರಿಗೈಯಲ್ಲಿ ಬಂದೆ.

ಎರಡು ದಿನ ಹೋಗಿ ಎಷ್ಟೋ ವಾರಗಳಾದವು. ಫೋನು ಮಾಡಿದರೆ, "ಕಳ್ಸಿ ಕೊಡ್ತೀವಿ ಮೇಡಂ" ಅನ್ನುವರು. ಮಕ್ಕಳು ಮೊದಮೊದಲು ಕೇಳುತ್ತಿದ್ದರು, ಆಮೇಲೆ ಬಿಟ್ಟರು. ರೇಣುಕಾ ಮಾತ್ರ ಬೆಳಿಗ್ಗೆ ನಾನು ಆಟೋ ಇಳಿಯುವಾಗ ಗೇಟಿನಲ್ಲಿ ನಿಂತು ನನ್ನ ಚೀಲವನ್ನು ನೋಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಚೀಲ ನೋಡಿ ಒಳಗೆ ಹೋಗುತ್ತಿದ್ದಳು. ಕೇಳಿದ್ದರೆ ಗದರಿಯಾದರೂ ಸುಮ್ಮನಿರಿಸಬಹುದಿತ್ತು. ಪಾಠ, ಪರೀಕ್ಷೆ, ಲೆಕ್ಕ, ಸಭೆ, ಇವುಗಳ ನಡುವೆ ಆ ಒಂದು ನೋಟಕ್ಕೆ ನಾನು ದಿನವೂ ಸಿದ್ಧಳಾಗಬೇಕಿತ್ತು.

ಕಡೆಗೆ ಡಿಸೆಂಬರಿನ ಒಂದು ಶನಿವಾರ ಚಿತ್ರದುರ್ಗಕ್ಕೆ ಹೊರಟೆ. "ನಾನೂ ಬರ್ತೀನಿ, ಹೋಗಾಣ ನಡಿ" ಎಂದು ಪಾರ್ವತಕ್ಕ ಚಪ್ಪಲಿ ಮೆಟ್ಟಿದರು.

ಶಿಕ್ಷಣ ಇಲಾಖೆಯ ಕಚೇರಿಯ ತರಬೇತಿ ಕೋಣೆಯ ಗೋಡೆಯ ಮೇಲೆ ನಕ್ಷೆ ಇತ್ತು. ತಾಲ್ಲೂಕುಗಳನ್ನೆಲ್ಲ ಪ್ಲೈವುಡ್ಡಿನ ಮೇಲೆ ಅಂಟು ಹಾಕಿ ಕೂರಿಸಿ, ಒಂದೊಂದರ ಮೇಲೂ ಹೆಸರಿನ ಚೀಟಿ ಅಂಟಿಸಿ, ಗಾಜು ಹಾಕಿ ಕಟ್ಟು ಹಾಕಿಸಿದ್ದರು. ಅಂದವಾಗಿಯೇ ಇತ್ತು. ಚಿಕ್ಕಮಗಳೂರಿನ ತುಂಡು ಇರಲಿಲ್ಲ. ನೀಲಿ ನೂಲನ್ನು ಜಿಲ್ಲೆಯ ಗಡಿಗೆ ಸರಿಯಾಗಿ ಕತ್ತರಿಸಿದ್ದರು.

ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯರು. ಎದ್ದು ನಿಂತು, "ಬರ್ರಿ, ಕುಂತ್ಕಳ್ರಿ" ಎಂದು ಚಹಾ ತರಿಸಿದರು. "ಬಂದೋರೆಲ್ಲ ಇದ್ರ ಮುಂದೆ ನಿಂತು ಫೋಟೋ ತೆಗೆಸ್ಕಂತಾರೆ ಮೇಡಂ. ನಿಮ್ ಹೆಸರೂ ಹಾಕಿಸ್ತೀವಿ ಕೆಳಗೆ."

"ಸರ್, ಇದು ಮಕ್ಕಳ ಕೈಗೆ ಮಾಡಿದ್ದು" ಎಂದೆ. "ಇನ್ನೊಂದು ತುಂಡಿತ್ತಲ್ಲ, ಹಸಿರಿಂದು?"

"ಅದು ನಮ್ಮ ಜಿಲ್ಲೆದಲ್ಲ ಅಂತ ತೆಗ್ಸಿದ್ವಿ. ಚೌಕಟ್ಟಿಗೆ ಹೊಂದ್ತಿರ್ಲಿಲ್ಲ." ಅವರು ಸಹಾಯಕನನ್ನು ಕರೆದು ಕೇಳಿದರು. ಅವನು ಬೀರು ತೆಗೆದು, ಮೇಜಿನ ಕೆಳಗೆ ಬಗ್ಗಿ, ಹುಡುಕಿದ. ಸಿಗಲಿಲ್ಲ. ಕಸದ ಜೊತೆ ಹೋಗಿರಬೇಕು ಎಂದ.

ಪಾರ್ವತಕ್ಕ ಎದ್ದು ಗೋಡೆಯ ಹತ್ತಿರ ಹೋದರು. ಗಾಜಿನ ಮೇಲೆ, ಹೊಸದುರ್ಗದ ಮೇಲೆ, ಅಂಗೈ ಇಟ್ಟರು.

"ಮುಟ್ಟಾಕಂತ ಮಾಡಿದ್ದು ಸರ್ ಇದು," ಎಂದರು. "ಗಾಜು ಹಾಕ್ಬಿಟ್ರೆ ಹೆಂಗೆ?"

"ಧೂಳು ಕೂರುತ್ತಲ್ಲಮ್ಮ, ಹಾಳಾಗುತ್ತೆ."

"ಹಾಳಾಗ್ಲಿ ಬಿಡ್ರಿ. ಹುಡುಗ್ರು ಕೈಯಲ್ಲಿ ಹಾಳಾದ್ರೆ ಏನಾತು?"

ಅಧಿಕಾರಿ ನಕ್ಕು, ತಲೆ ಕೆರೆದುಕೊಂಡು, "ಈಗ ಕಿತ್ರೆ ಬಟ್ಟೇನೇ ಹರಿತದೆ. ನಿಮ್ಗೆ ಮಾಡಾಕೆ ಬರ್ತದಲ್ಲ, ಇನ್ನೊಂದು ಮಾಡ್ಕಳ್ರಿ" ಎಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ನನ್ನನ್ನು ಹಣ್ಣು ಮಾಡಿತು. ಆ ಹಸಿರು ಯಾರ ಮೈಮೇಲಿನದು ಎಂದು ಹೇಳಬೇಕೆಂದು ಬಾಯಿ ತೆರೆದೆ. ಪಾರ್ವತಕ್ಕ ನನ್ನ ಮುಂಗೈ ಒತ್ತಿ, "ನಡಿ, ಬಸ್ ಸಿಗಲ್ಲ" ಎಂದರು.

ಬಸ್ಸಿನಲ್ಲಿ ನಾನು ಅತ್ತೆ. ನಕ್ಷೆಗಾಗಿಯೋ, ರೇಣುಕಾಳಿಗಾಗಿಯೋ, ಜೂನ್‌ನಿಂದ ಒಂದು ದಿನವೂ ಸರಿಯಾಗಿ ಮಲಗದ ನನಗಾಗಿಯೋ ತಿಳಿಯಲಿಲ್ಲ. ಪಾರ್ವತಕ್ಕ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಐಮಂಗಲ ದಾಟಿದ ಮೇಲೆ, "ಅವ್ರು ಇದ್ದಿದ್ರೆ ಆ ಕಟ್ಟು ಹಾಕಿದ್ದನ್ನ ನೋಡಿ ಖುಷಿ ಪಡೋರು" ಎಂದರು. "ಚಂದಾಗಿ ಕಾಣ್ಬೇಕು ಅನ್ನೋ ಹುಚ್ಚು ಅವ್ರಿಗೆ." ಭಾವನ ಬಗ್ಗೆ ಅವರು ಅಷ್ಟು ಸಲೀಸಾಗಿ ಮಾತಾಡಿದ್ದು ಅದೇ ಮೊದಲು. ಆಮೇಲೆ ಹಿರಿಯೂರಿನವರೆಗೂ ಆಡಿದರು. ನಾನು ಕಣ್ಣೊರೆಸಿಕೊಂಡು ಕೇಳಿದೆ.

ಇನ್ನೊಂದು ನಕ್ಷೆ ಮಾಡಿದೆವು. ಈ ಸಲ ಶಾಲೆಯ ಅಂಗಳದಲ್ಲೇ, ಬಿಸಿಯೂಟದ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಮಕ್ಕಳು ತಂದ ತೂತುಬಿದ್ದ ಸ್ವೆಟರು, ಮಂಕಿಟೋಪಿ, ಕಾಲುಚೀಲಗಳನ್ನೆಲ್ಲ ಕುದಿಸಿ ಮಾಡಿದ್ದು. ಪಾರ್ವತಕ್ಕ ಮೂರು ಶನಿವಾರ ನನ್ನ ಜೊತೆ ಬಂದು ಮಕ್ಕಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದರು. ಹೊಳಲ್ಕೆರೆ ತಾಲ್ಲೂಕು ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದಾಯಿತು. ಹೊಸದುರ್ಗ ಮಾಸಿದ ಗುಲಾಬಿಯಾಯಿತು. ಚಿಕ್ಕಮಗಳೂರಿಗೆ ಹಸಿರು ಸಿಗದೆ ಒಂದು ಬೂದು ಕಾಲುಚೀಲವನ್ನು ಕತ್ತರಿಸಿದೆವು. ರೇಣುಕಾ ಅದನ್ನು ಮುಟ್ಟಿ ನೋಡಿದಳು. "ಅದು ಮೆತ್ತಗಿತ್ತು" ಎಂದಳು, ಅಷ್ಟೇ. ಆದರೆ ಬಿಡುವಿನಲ್ಲಿ ಮತ್ತೆ ಅದರ ಪಕ್ಕ ಕೂರತೊಡಗಿದಳು.

ಫೆಬ್ರವರಿಯಲ್ಲಿ ಅವಳ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿತು. ಕುರಿಗಳನ್ನು ಮಾರಿದರು. ಅಜ್ಜಿಯನ್ನು ಮಗ, ಅಂದರೆ ರೇಣುಕಾಳ ಅಪ್ಪ, ತುರುವನೂರಿನಲ್ಲಿದ್ದ ತನ್ನ ತಂಗಿಯ ಮನೆಯಲ್ಲಿ ಬಿಟ್ಟ. ರೇಣುಕಾಳ ಅವ್ವ ಅವಳನ್ನು ಕರೆದೊಯ್ಯಲು ತೋಟದಿಂದ ಬಂದಳು. ಬಿಸಿಲಿಗೆ ಸುಟ್ಟ ಮುಖದ, ನನಗಿಂತ ಎಷ್ಟೋ ಚಿಕ್ಕವಳು. ಶಾಲೆಯ ಬಾಗಿಲ ಹೊರಗೇ ನಿಂತಳು.

"ಪರೀಕ್ಷೆ ಹತ್ತಿರ ಐತಮ್ಮ," ಎಂದೆ. "ಇನ್ನೊಂದು ತಿಂಗಳು ತಡ್ಕಂಡ್ರೆ..."

"ಯಾರತ್ರ ಬಿಡ್ಲಿ ಮೇಡಂ?" ಎಂದಳು ಅವಳು. ಜಗಳಕ್ಕೆ ಕೇಳಿದ ಹಾಗಿರಲಿಲ್ಲ. ನಾನು ಉತ್ತರ ಕೊಡಬಹುದೆಂದು ನಿಜವಾಗಿಯೂ ಕಾದಳು. ನಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತೇನೆ ಅನ್ನುವ ಮಾತು ನಾಲಿಗೆಯವರೆಗೆ ಬಂದು, ಬೆಳಗಿನ ಬಸ್ಸು, ಸಂಜೆಯ ಅಡುಗೆ ಎಲ್ಲ ನೆನಪಾಗಿ ಅಲ್ಲೇ ನಿಂತಿತು. ವರ್ಗಾವಣೆ ಪತ್ರ ಕೊಟ್ಟು, ತೋಟದ ಹತ್ತಿರದ ಶಾಲೆಗೆ ನಾನೇ ಫೋನು ಮಾಡಿ ಹೇಳುತ್ತೇನೆ ಎಂದೆ. ಅಷ್ಟನ್ನು ಮಾಡಿದೆ.

ರೇಣುಕಾ ಅಳಲಿಲ್ಲ. ಅವ್ವನ ಕೈ ಹಿಡಿದು ಒಳಗೆ ಕರೆತಂದು ಕಂಬಳಿಯ ಮುಂದೆ ಕೂರಿಸಿದಳು. "ನಾವು ಹಿಂಗೆ ಹೋಗ್ತೀವಿ, ನೋಡವ್ವ" ಎಂದು ಹಿರಿಯೂರಿನಿಂದ ಹೊಸದುರ್ಗದ ಮೇಲೆ ಬೆರಳು ಹಾಯಿಸಿದಳು. ಅವ್ವ ಬೆಪ್ಪಾಗಿ ನೋಡುತ್ತಿದ್ದಳು. ಎಷ್ಟೋ ಸಲ ಓಡಾಡಿದ ದಾರಿ, ಎಂದೂ ಮೇಲಿನಿಂದ ನೋಡಿರಲಿಲ್ಲ.

ಅಷ್ಟರಲ್ಲಿ ಪಾರ್ವತಕ್ಕ ಹೊಸದುರ್ಗಕ್ಕೆ ಹೊರಟುಹೋಗಿದ್ದರು. "ಕತ್ತರಿ ಹಿಡಿಯೋದು ಬಂತಲ್ಲ, ಇನ್ನು ಇಲ್ಲಿ ಕೂತು ಏನ್ ಮಾಡ್ಲಿ" ಎಂದು, ಮಂಜುನಾಥ ಬೇಡ ಬೇಡವೆಂದರೂ ಯಂತ್ರವನ್ನು ಟೆಂಪೋಗೆ ಹಾಕಿಸಿಕೊಂಡು ಹೋಗಿದ್ದರು. ಮೊದಲ ತಿಂಗಳು ರವಿಕೆಗಳು ಬಿಗಿಯಾದವು, ಸಡಿಲವಾದವು, ಗಿರಾಕಿಗಳು ಬೈದರು. ಎಲ್ಲವನ್ನೂ ಫೋನಿನಲ್ಲಿ ಹೇಳುವರು. ರೇಣುಕಾ ಇಂಥ ದಿನ ಹೊಸದುರ್ಗದ ಮೇಲೆ ಹೋಗುತ್ತಾಳೆಂದು ನಾನು ಅವರಿಗೆ ತಿಳಿಸಿದ್ದೆ, ಸುಮ್ಮನೆ ಮಾತಿಗೆ.

ಅವರು ಹೊರಟ ದಿನ ಬೆಳಿಗ್ಗೆ ನಾನು ಹಾಜರಿ ಹಾಕುತ್ತಿದ್ದಾಗ ಪಾರ್ವತಕ್ಕನ ಫೋನು ಬಂತು. ಹಿಂದೆ ಬಸ್ ನಿಲ್ದಾಣದ ಗದ್ದಲ ಕೇಳಿಸುತ್ತಿತ್ತು.

"ಗಿರಿಜಾ, ಬಂದಿದ್ರು. ಕಿಟಕಿ ಕಿಟಕಿ ನೋಡ್ಕಂತ ಹೋದೆ, ಹುಡುಗೀನೇ ನನ್ನ ಗುರ್ತು ಹಿಡೀತು. ಇಡ್ಲಿ ಕಟ್ಟಿಸ್ಕೊಟ್ಟೆ. ಅವ್ರವ್ವ ಬ್ಯಾಡ ಅಂತು, ಆಮೇಲೆ ಇಸ್ಕಂಡ್ತು."

"ಹೆಂಗಿದ್ಲು ಅಕ್ಕ?"

"ಚೆನ್ನಾಗೈತೆ ಕಣೇ. ಅವ್ರವ್ವನ ಪಕ್ಕ ಒತ್ತಿ ಕುಂತಿತ್ತು. ಮಾತು ಕಮ್ಮಿ. ನದಿ ಎಲ್ಲಿ ಕಾಣ್ತೈತೆ ಅಂತ ಕೇಳ್ತು. ಬಸ್ಸು ಸೇತುವೆ ಮೇಲೆ ಹೋಗ್ತೈತೆ, ಎಡಕ್ಕೆ ನೋಡು ಅಂದೆ. ಎದ್ದು ಅವ್ರವ್ವನ್ನ ದಾಟಿ ಆ ಕಡೆ ಕಿಟಕಿಗೆ ಹೋಗಿ ಕುಂತ್ಕಂಡ್ತು."

"ಈಗ ಎಲ್ಲಿದ್ದೀರಿ?"

"ಇಲ್ಲೇ ನಿಂತೀನಿ. ಬಸ್ಸು ಹೋತು." ಆ ಕಡೆ ಇನ್ನೊಂದು ಬಸ್ಸಿನ ಹಾರನ್ ಕೇಳಿಸಿತು. "ಸರಿ ಇಡ್ತೀನಿ. ಯಾರೋ ಮದ್ವೆ ಹುಡುಗಿ ಅಳತೆ ಕೊಡಾಕೆ ಬರ್ತೀನಿ ಅಂದೈತೆ, ಅಂಗಡಿ ತೆಗೀಬೇಕು."

ಫೋನು ಕೆಳಗಿಟ್ಟೆ. ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಹಾಜರಿ ಅರ್ಧಕ್ಕೆ ನಿಂತಿತ್ತು. ಮುಂದಿನ ಹೆಸರು ಕೂಗಿದೆ.